ಕೂಲಿ ಕೊಟ್ಟ ಮೇಲೂ ಉಳಿಯುವ ಬಾಕಿ



ಮೇ ತಿಂಗಳು ಬಂತೆಂದರೆ ನಮ್ಮ ಸಂಘದ ಜಗಲಿಯಲ್ಲಿ ಮೈಲುತುತ್ತದ ಚೀಲಗಳ ನಡುವೆ ಒಂದೇ ಮಾತು ಕೇಳಿಬರುತ್ತದೆ: ಜನ ಸಿಗುವುದಿಲ್ಲ. ಕೊಪ್ಪದವರೂ ಇದನ್ನೇ ಹೇಳುತ್ತಾರೆ, ಶೃಂಗೇರಿಯವರೂ ಇದನ್ನೇ ಹೇಳುತ್ತಾರೆ, ನರಸಿಂಹರಾಜಪುರದ ಕಡೆಯಿಂದ ಬಂದವರು ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಾರೆ. ಪಕ್ಕದ ತೋಟದವರು ಐವತ್ತು ರೂಪಾಯಿ ಹೆಚ್ಚು ಕೊಟ್ಟು ಆಳುಗಳನ್ನು ಸೆಳೆದುಕೊಂಡರೆಂಬ ದೂರು ಅದರ ಹಿಂದೆಯೇ ಬರುತ್ತದೆ. ನಾವು ಇಷ್ಟು ವರ್ಷ ಈ ದೂರನ್ನು ಬರೆದುಕೊಳ್ಳುವ ಕಡೆ ಕುಳಿತವರು. ನಮ್ಮದೂ ನಾಲ್ಕೂವರೆ ಎಕರೆ ತೋಟವಿರುವುದರಿಂದ ದೂರು ಹೇಳುವ ಕಡೆಯೂ ನಿಂತವರು. ಎರಡೂ ಕಡೆಯಿಂದ ನೋಡಿದ ಮೇಲೆ ಒಂದು ಸಂಗತಿ ನಮ್ಮನ್ನು ಕಾಡತೊಡಗಿತು. ಒಂದೇ ಊರಿನಲ್ಲಿ, ಒಂದೇ ಕೂಲಿಗೆ, ಕೆಲವು ತೋಟಗಳಿಗೆ ಜನ ಕರೆಯದೆ ಬರುತ್ತಾರೆ, ಕೆಲವಕ್ಕೆ ಕರೆದರೂ ಬರುವುದಿಲ್ಲ. ದರವೇ ಎಲ್ಲಕ್ಕೂ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

ನಮ್ಮ ತೋಟಕ್ಕೆ ಹದಿನೆಂಟು ವರ್ಷ ಔಷಧಿ ಹೊಡೆಯಲು ಬರುತ್ತಿದ್ದ ಕೊನೆಗಾರರೊಬ್ಬರು ಒಂದು ವರ್ಷ ಬರಲಿಲ್ಲ. ಹೊಳೆಯಾಚೆಯ ತೋಟಕ್ಕೆ ಹೋಗಿದ್ದಾರೆಂದು ತಿಳಿಯಿತು. ಅಲ್ಲಿಯ ದರ ನಮ್ಮದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ಮಳೆ ಬಿಡುವು ಕೊಟ್ಟಾಗ ಸಂತೆಯಲ್ಲಿ ಸಿಕ್ಕರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆವು. ಮೊದಲು ನಕ್ಕು ಜಾರಿಕೊಳ್ಳಲು ನೋಡಿದರು. ಬಿಡದೆ ಕೇಳಿದಾಗ ಹೇಳಿದರು: "ಅಲ್ಲಿ ಅಯ್ಯ ಮರದ ಬುಡದಲ್ಲಿ ನಿಂತಿರ್ತಾರೆ. ನಾನು ಇಳಿಯೋ ತನಕ ಹೋಗಾದಿಲ್ಲ. ನೀವು ಡ್ರಮ್ ಎಷ್ಟು ಖಾಲಿ ಆಯ್ತು ಅಂತ ನೋಡಕ್ಕೆ ಬರ್ತೀರಿ, ನೋಡ್ಕಂಡು ಹೋಗ್ತೀರಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ; ಅದೇ ನಮಗೆ ಹೆಚ್ಚು ನಾಟಿತು. ಹದಿನೆಂಟು ವರ್ಷ ಲೆಕ್ಕದಲ್ಲಿ ಒಂದು ಪೈಸೆ ಬಾಕಿ ಇಟ್ಟವರಲ್ಲ ನಾವು. ಆದರೂ ಬಾಕಿ ಉಳಿದಿತ್ತು. ಈ ಸಲದ ಪಾಠ ಆ ಬಾಕಿಯನ್ನು ಕುರಿತದ್ದು.

ಮೊದಲು ಹಳೆಯ ಲೆಕ್ಕ

ಹಣವಲ್ಲದ ಪ್ರತಿಫಲವೆಂದರೆ ನಮ್ಮ ಸೀಮೆಯಲ್ಲಿ ಹೊಸ ವಿಷಯವೇನಲ್ಲ. ಹಬ್ಬಕ್ಕೆ ಒಂದು ಪಂಚೆ, ಮಳೆಗಾಲಕ್ಕೆ ಒಂದು ಕಂಬಳಿ, ಮದುವೆಗೆ ಸಾಲ, ಬೆಳಗ್ಗೆ ಗಂಜಿ, ಸಂಜೆ ಎಲೆಯಡಿಕೆ. ಹಿಂದಿನವರು ಕೆಲಸದವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು ಎಂದು ನಮ್ಮಲ್ಲಿ ಕೆಲವರು ಈಗಲೂ ಹೇಳುವುದುಂಟು. ಹಾಗೆ ಹೇಳುವವರು ಅದರ ಇನ್ನೊಂದು ಹೆಸರನ್ನೂ ಹೇಳಬೇಕು. ಅದರ ಹೆಸರು ಜೀತ. ಕಂಬಳಿಯೂ ಗಂಜಿಯೂ ಕೂಲಿಯ ಜೊತೆಗೆ ಬಂದವುಗಳಲ್ಲ. ಕೂಲಿಯ ಬದಲಿಗೆ ಬಂದವು. ಮದುವೆಯ ಸಾಲ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು, ಮಗ ಅದೇ ಅಂಗಳದಲ್ಲಿ ಉಳಿಯುತ್ತಿದ್ದ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಕಾಯಿದೆಯಾಗಿ ಬಂದ ಜೀತ ಪದ್ಧತಿ ರದ್ದತಿ ಶಾಸನವು ಅಂಥ ಸಾಲಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕಿತು. ಆ ಕಾಲವನ್ನು ಕಂಡ ಹಿರಿಯರು ಕೆಲಸದವರ ಕೇರಿಗಳಲ್ಲಿ ಇನ್ನೂ ಇದ್ದಾರೆ. ಆದ್ದರಿಂದ ನಾವು ದೀಪಾವಳಿಗೆ ಒಂದು ಸೀರೆಯನ್ನು ಕೈಗಿತ್ತು ಪ್ರೀತಿಯನ್ನು ತೋರಿಸಿದೆವೆಂದು ತಿಳಿದರೆ, ಅದನ್ನು ಪಡೆದವರ ಅಜ್ಜಿ ಅದರಲ್ಲಿ ಬೇರೆ ಏನನ್ನೋ ಕಾಣುವ ಸಾಧ್ಯತೆಯಿದೆ.

ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆಯು ದೊಡ್ಡ ಎಸ್ಟೇಟುಗಳಿಗೆ ಕುಡಿಯುವ ನೀರು, ಶೌಚಾಲಯ, ವಾಸದ ಮನೆ, ವೈದ್ಯಕೀಯ ಸೌಲಭ್ಯಗಳನ್ನು ವಿಧಿಸಿದುದಲ್ಲದೆ, ಮಳೆ ಚಳಿಗಳಿಂದ ರಕ್ಷಣೆಗಾಗಿ ಕೊಡೆ, ಕಂಬಳಿ, ಮಳೆಯಂಗಿಗಳನ್ನು ಒದಗಿಸುವಂತೆ ನಿಯಮ ಮಾಡಲು ರಾಜ್ಯ ಸರಕಾರಗಳಿಗೆ ಅಧಿಕಾರ ಕೊಟ್ಟಿತ್ತು. 1981ರ ತಿದ್ದುಪಡಿಯ ನಂತರ ಅದು ಅನ್ವಯಿಸುತ್ತಿದ್ದುದು ಐದು ಹೆಕ್ಟೇರು ಅಥವಾ ಹೆಚ್ಚು ವಿಸ್ತೀರ್ಣವಿದ್ದು, ಹದಿನೈದು ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. ಕಾಫಿ, ಚಹ, ರಬ್ಬರ್, ಏಲಕ್ಕಿ, ಸಿಂಕೋನ ಅದರ ಪಟ್ಟಿಯಲ್ಲಿದ್ದವು, ಅಡಿಕೆಯ ಹೆಸರಿರಲಿಲ್ಲ. ಹೀಗಾಗಿ ಎಸ್ಟೇಟಿನಲ್ಲಿ ಹಕ್ಕಿನ ಮಾತಾಗಬಹುದಾಗಿದ್ದ ಕಂಬಳಿ, ನಮ್ಮಂಥ ಸಣ್ಣ ತೋಟದವರ ಅಂಗಳದಲ್ಲಿ ಯಜಮಾನರ ದಯೆಯಾಗಿಯೇ ಉಳಿಯಿತು. ಕೊಡುವ ವಸ್ತು ಒಂದೇ. ಪಡೆಯುವವರು ಒಂದು ಕಡೆ ನೇರವಾಗಿ ನಿಂತು ಪಡೆಯುತ್ತಾರೆ, ಇನ್ನೊಂದು ಕಡೆ ಬಾಗಿ ಪಡೆಯುತ್ತಾರೆ.

ಆದ್ದರಿಂದ ಈ ಪಾಠದ ಮೊದಲ ವಾಕ್ಯವನ್ನು ಯಾರೂ ಹಾರಿಸಬಾರದು. ಸರಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗೆ ಕಡಿಮೆಯಾಗದಂತೆ, ಊರಿನಲ್ಲಿ ನಡೆಯುವ ದರವನ್ನು, ಹೇಳಿದ ದಿನ, ಪೂರ್ತಿಯಾಗಿ ಕೊಟ್ಟಿರಬೇಕು. ಅದನ್ನು ಕೊಡದವರು ಮುಂದಿನದನ್ನು ಓದುವ ಅಗತ್ಯವಿಲ್ಲ. ಹಳದಿ ಎಲೆ ರೋಗ ತಿಂದು ಅರ್ಧ ಮರ ಹೋದ ತೋಟದವರಿಗೂ, ಈಚೆಗೆ ಎಲೆಚುಕ್ಕಿ ಬಂದು ಕಂಗೆಟ್ಟವರಿಗೂ ಈ ಮಾತು ಕಠಿಣವಾಗಿ ಕೇಳಿಸೀತು. ಅವರ ಕಷ್ಟ ಸಂಘಕ್ಕೆ ಗೊತ್ತಿದೆ. ಆದರೆ ತೋಟದ ನಷ್ಟವನ್ನು ಕೂಲಿಯಲ್ಲಿ ಹಿಡಿದು, ಅದರ ಮೇಲೆ ಒಳ್ಳೆಯ ಮಾತನ್ನು ಹಚ್ಚಿದರೆ ಯಾರೂ ಮೋಸಹೋಗುವುದಿಲ್ಲ.

ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು ಇನ್ನೂರು ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕೆಲಸದಲ್ಲಿ ನಿಮಗೆ ಬಹಳ ಸಂತೋಷವಾದ ಸಂದರ್ಭ ಯಾವುದು, ಬಹಳ ಬೇಸರವಾದ ಸಂದರ್ಭ ಯಾವುದು ಎಂದು ಅವರು ಕೇಳಿದ್ದರು. ಬೇಸರದ ಕಥೆಗಳಲ್ಲಿ ಮೇಲಧಿಕಾರಿಯ ವರ್ತನೆ, ಕಂಪನಿಯ ನಿಯಮ, ಕೆಲಸದ ಸ್ಥಿತಿಗತಿ, ಸಂಬಳದಂಥವು ಬಂದರೆ, ಸಂತೋಷದ ಕಥೆಗಳಲ್ಲಿ ಮಾಡಿ ಮುಗಿಸಿದ ಕೆಲಸ, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ ಸಿಕ್ಕಿದ್ದು ಇಂಥವು ಬಂದವು. ಅಂದರೆ ಬೇಸರ ಮತ್ತು ಉತ್ಸಾಹ ಎರಡು ಬೇರೆ ಬೇರೆ ಖಾತೆಗಳು. ಒಂದರ ಜಮೆ ಇನ್ನೊಂದರ ಬಾಕಿಯನ್ನು ತೀರಿಸುವುದಿಲ್ಲ ಎಂಬುದು ಅವರ ವಾದ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಎಂಜಿನಿಯರರ ಮಾತು ಕೊನೆಗಾರರಿಗೆ ಎಷ್ಟು ಹೊಂದುತ್ತದೆ ಎಂಬ ಅನುಮಾನ ನಮಗೂ ಇದೆ. ಆದರೂ ನಮ್ಮ ಕೊನೆಗಾರರು ಸಂತೆಯಲ್ಲಿ ಹೇಳಿದ ಮಾತು ಇದಕ್ಕಿಂತ ಬಹಳ ದೂರದ್ದೇನಲ್ಲ.

ಕೆಳಗಿನಿಂದ ಕಾಣದ ಕೆಲಸ

ಕಾರ್ಖಾನೆಯಲ್ಲಿ ಕೆಲಸ ಎದುರಿಗೇ ನಡೆಯುತ್ತದೆ. ನಮ್ಮ ತೋಟದ ಮುಖ್ಯ ಕೆಲಸಗಳು ನಡೆಯುವುದು ನಾವು ನೋಡಲಾಗದ ಜಾಗದಲ್ಲಿ. ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದರು; ಮಲೆನಾಡಿನಲ್ಲಿ ಬೋರ್ಡೋ ಸಿಂಪಡಣೆ ರೂಢಿಗೆ ಬರಲು ಅವರ ಕೆಲಸ ಕಾರಣವಾಯಿತು. ನಮ್ಮ 'ಕೊಳೆರೋಗ' ಎಂಬ ಕನ್ನಡ ಶಬ್ದವೇ ವಿಜ್ಞಾನದ ಇಂಗ್ಲಿಷ್ ಗ್ರಂಥಗಳನ್ನು ಸೇರಿದೆ. ಅದಕ್ಕೂ ಹಿಂದೆ ಕೊನೆಗಳಿಗೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಕಟ್ಟಿದ್ದು ಸರಿಯಾಗಿದೆಯೇ ಎಂಬುದು ಕೆಳಗಿನಿಂದಲೇ ಕಾಣುತ್ತಿತ್ತು. ಈಗ ಕಾಣುವುದಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು, ಈ ಲೆಕ್ಕ ನಮ್ಮೆಲ್ಲರಿಗೂ ಬಾಯಿಪಾಠ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಆದರೆ ಐವತ್ತು ಅಡಿ ಎತ್ತರದಲ್ಲಿ ಕೊನೆಯ ಹಿಂಬದಿಗೂ, ಕಾಯಿಗಳ ಸಂದಿಗೂ ದ್ರಾವಣ ತಗುಲಿತೋ ಇಲ್ಲವೋ ಎಂಬುದು ಬುಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ತಿಳಿಯುವುದು ಶ್ರಾವಣದಲ್ಲಿ, ಕಾಯಿ ಉದುರಿದ ಮೇಲೆ. ಡ್ರಮ್ಮಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಡ್ರಮ್ಮು ಖಾಲಿಯಾಗುತ್ತದೆ, ಮರದ ಲೆಕ್ಕದಲ್ಲಿ ಕೊಟ್ಟರೆ ಮರ ಮುಗಿಯುತ್ತದೆ. ಕೊನೆಯ ಹಿಂಬದಿಗೆ ಯಾವ ಲೆಕ್ಕದಲ್ಲಿಯೂ ದರವಿಲ್ಲ. ಅದನ್ನು ಕೊನೆಗಾರರು ತಾವಾಗಿ ಮಾಡಬೇಕು.

ಕಾಫಿಯಲ್ಲಿ ಬಿಳಿ ಕಾಂಡಕೊರಕದ ಕಥೆಯೂ ಇದೇ. ದುಂಬಿ ಹಾರುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಗಿಡ ಗಿಡ ನೋಡಿ, ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿಗೆ ತಿರುಗಿದ ಎಲೆ, ಬಾಡಿದ ಚಿಗುರುಗಳನ್ನು ಗುರುತಿಸಿ, ಗಿಡ ಕಿತ್ತು ಸುಡಬೇಕೆಂದು ಕಾಫಿ ಮಂಡಳಿಯವರು ಹೇಳುತ್ತ ಬಂದಿದ್ದಾರೆ. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಆರಂಭವಾಗಿ 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆನಿಂತ ಕಾಫಿ ಸಂಶೋಧನೆ ನಮ್ಮ ಮನೆಬಾಗಿಲಲ್ಲೇ ಇದೆ, ತಿಳಿವಳಿಕೆಗೆ ಕೊರತೆಯಿಲ್ಲ. ಕೊರತೆ ಇರುವುದು ಗಿಡದ ಮುಂದೆ ಅರ್ಧ ನಿಮಿಷ ನಿಂತು ನೋಡುವ ಕಣ್ಣಿಗೆ. ದಿನಗೂಲಿಗೆ ಸಾಲು ಮುಗಿಸಿದರೆ ಸಾಕೆನ್ನುವವರು ಆ ಅರ್ಧ ನಿಮಿಷ ಯಾಕೆ ನಿಲ್ಲಬೇಕು?

ಈ ಪ್ರಶ್ನೆಗೆ ನಮ್ಮ ತೋಟದಲ್ಲಿ ಉತ್ತರ ಆಕಸ್ಮಿಕವಾಗಿ ಸಿಕ್ಕಿತು. ಒಂದು ಮಾರ್ಚಿನಲ್ಲಿ ನಮಗೆ ಜ್ವರ ಬಂದು ಮಲಗಿದಾಗ, ಚಿಗುರು ತೆಗೆಯುತ್ತಿದ್ದ ಒಬ್ಬ ಹೆಂಗಸಿಗೆ ಕೆಳಗಿನ ಅರೇಬಿಕಾ ಪಟ್ಟಿಯನ್ನು ನೀವೇ ನೋಡಿ, ಯಾವ ಗಿಡ ಕೀಳಬೇಕೆಂದು ನೀವೇ ನಿಶ್ಚಯಿಸಿ ಎಂದು ಹೇಳಿ ಕಳಿಸಿದೆವು. ಹದಿನೈದು ದಿನದ ಮೇಲೆ ಎದ್ದು ಹೋಗಿ ನೋಡಿದರೆ ಗಿಡಗಳಿಗೆ ಬಾಳೆನಾರು ಕಟ್ಟಿ ಗುರುತು ಮಾಡಿದ್ದರು. ಖಂಡಿತ ಕೀಳಬೇಕಾದ್ದಕ್ಕೆ ಎರಡು ಗಂಟು, ಅನುಮಾನದ್ದಕ್ಕೆ ಒಂದು ಗಂಟು. ಅನುಮಾನದ ಗಿಡಗಳಲ್ಲಿ ಕೆಲವನ್ನು ನಾವು ಒಳ್ಳೆಯದೆಂದು ವಾದಿಸಿದೆವು. ಅವರು ಒಂದನ್ನು ಕತ್ತಿಯಿಂದ ಸೀಳಿ ಹುಳ ತೋರಿಸಿದರು. ಅಲ್ಲಿಂದೀಚೆಗೆ ಆ ಪಟ್ಟಿ ಅವರದೇ. ಅಲ್ಲಿ ಯಾವ ಗಿಡ ಕೀಳುವುದಿದ್ದರೂ ಮೊದಲು ಅವರನ್ನು ಕೇಳುತ್ತೇವೆ. ಕಾಫಿ ಮಂಡಳಿಯ ಸಿಬ್ಬಂದಿ ಬಂದಾಗ ತೋಟವನ್ನು ತೋರಿಸುವುದೂ ಅವರೇ. ಇದಕ್ಕೆ ನಮಗೆ ಬಂದ ಖರ್ಚು ಏನೂ ಇಲ್ಲ, ಸ್ವಲ್ಪ ಜಂಬ ಕಳೆದುಕೊಂಡದ್ದನ್ನು ಬಿಟ್ಟರೆ. ಹೆಚ್ಚಿನ ಜವಾಬ್ದಾರಿಗೆ ಹೆಚ್ಚಿನ ಕೂಲಿಯೂ ಸಲ್ಲಬೇಕೆಂಬುದು ನಮಗೆ ಒಂದು ವರ್ಷ ತಡವಾಗಿ ಹೊಳೆಯಿತು. ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಬೋರ್ಡೋ ಕದಡುವ ಕೆಲಸವನ್ನೂ ಹೀಗೆಯೇ ಬಿಟ್ಟುಕೊಡಬಹುದು. ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕು ಅದ್ದಿ, ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುವ ಪರೀಕ್ಷೆಯನ್ನು ನಾವೇ ಮಾಡಿ ತೀರ್ಪು ಕೊಡುವುದರ ಬದಲು, ಚಾಕನ್ನು ಮರ ಹತ್ತುವವರ ಕೈಗೆ ಕೊಡಿ. ತಾನು ಒಪ್ಪಿದ ದ್ರಾವಣವನ್ನು ಹೊಡೆಯುವ ಕೈಗೂ, ಯಾರೋ ಕದಡಿದ್ದನ್ನು ಹೊಡೆಯುವ ಕೈಗೂ ವ್ಯತ್ಯಾಸವಿದೆ.

ಕೆಲಸದವರಿಗೆ ತಮ್ಮದೆನ್ನುವ ಒಂದು ಜಾಗ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಘಟ್ಟದ ಕೆಳಗಿನ ಒಂದು ನಿಜವಾದ ಉದಾಹರಣೆ ಎಲ್ಲರಿಗೂ ಗೊತ್ತಿರತಕ್ಕದ್ದು. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿಕಾರರಾಗಿದ್ದವರು. ಅವರ ದುಡಿಮೆಯನ್ನು ಮೆಚ್ಚಿ ತೋಟದ ಯಜಮಾನರು 1978ರಲ್ಲಿ ಸುಮಾರು ಎರಡು ಎಕರೆ ಗುಡ್ಡದ ಜಾಗ ಕೊಟ್ಟರು. ನೀರಿಲ್ಲದ ಬೋಳು ಗುಡ್ಡ. ನಾಯ್ಕರು ಹಗಲು ಬೇರೆಯವರ ತೋಟದಲ್ಲಿ ಕೂಲಿ ಮುಗಿಸಿ ಬಂದು, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡಕ್ಕೆ ಅಡ್ಡವಾಗಿ ಸುರಂಗ ತೋಡಿದರು. ಒಂದರ ಹಿಂದೊಂದು ಸುರಂಗ ವ್ಯರ್ಥವಾಯಿತು. ಬಿಡದೆ ತೋಡಿ ಕೊನೆಗೆ ನೀರು ಕಂಡರು, ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಭೂಮಿ ಎಂದರೆ ಹಣವೇ ಅಲ್ಲವೇ ಎಂದು ಕೇಳಬಹುದು, ಸರಿಯೇ. ಆದರೆ ಆ ಗುಡ್ಡಕ್ಕೆ ಅಂದು ಬೆಲೆ ಬಂದದ್ದು ನಾಯ್ಕರ ಗುದ್ದಲಿಯಿಂದ. ದಿನಗೂಲಿಗೆ ಯಾರಾದರೂ ಅಷ್ಟು ಸುರಂಗ ತೋಡಿಸಿದ್ದರೆ ಮೊದಲನೆಯದು ಒಣಗಿದಾಗಲೇ ಕೆಲಸ ನಿಲ್ಲುತ್ತಿತ್ತು.

ಸ್ಟೀಲ್ ಕೊಡದ ಪ್ರಸಂಗ

ಬಹುಮಾನವೆಂದ ಕೂಡಲೆ ಸ್ಪರ್ಧೆ ನೆನಪಾಗುವುದು ಸಹಜ. ನಮಗೂ ಹಾಗೆಯೇ ನೆನಪಾಯಿತು. ಒಂದು ರೊಬಸ್ಟಾ ಕೊಯ್ಲಿನಲ್ಲಿ, ವಾರದಲ್ಲಿ ಅತಿ ಹೆಚ್ಚು ತೂಕ ಕೊಯ್ದವರಿಗೆ ಒಂದು ಸ್ಟೀಲ್ ಕೊಡ ಎಂದು ಸಾರಿದೆವು. ಕಿಲೋ ಲೆಕ್ಕದ ಕೂಲಿ ಹೇಗೂ ಇತ್ತು. ಇದು ಅದರ ಮೇಲೆ. ಮೊದಲ ವಾರ ತೂಕ ಏರಿತು, ನಾವು ಹಿಗ್ಗಿದೆವು. ಎರಡನೆಯ ವಾರ ಚೀಲದಲ್ಲಿ ಹಸುರು ಕಾಯಿ ಹೆಚ್ಚಾಯಿತು. ಕೊಂಬೆಗಳು ಸಿಗಿದವು. ಒಳ್ಳೆಯ ಹಣ್ಣಿರುವ ಸಾಲು ಯಾರಿಗೆ ಎಂದು ಅತ್ತಿಗೆ ನಾದಿನಿಯರೇ ಜಗಳವಾಡಿದರು. ಎಲ್ಲಕ್ಕಿಂತ ಹೆಚ್ಚಿನ ನಷ್ಟ ನಮ್ಮ ಕಣ್ಣಿಗೆ ಬೀಳಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಗುಂಪಿನಲ್ಲಿ ಒಬ್ಬರು ಅಜ್ಜಿ ಇದ್ದರು. ಅವರು ಕೊಯ್ಯುವುದು ಕಡಿಮೆ. ಉಳಿದವರ ಹಿಂದೆ ಬರುತ್ತ ಉದುರಿದ ಹಣ್ಣು ಆರಿಸುತ್ತಿದ್ದರು, ಹೊಸ ಹುಡುಗಿಯರಿಗೆ ಕೈ ಆಡಿಸುವುದನ್ನು ಕಲಿಸುತ್ತಿದ್ದರು. ನೆಲದ ಹಣ್ಣು ಆರಿಸದಿದ್ದರೆ ಕಾಯಿಕೊರಕ ಅದರಲ್ಲಿಯೇ ಉಳಿದು ಮುಂದಿನ ಫಸಲಿಗೆ ಏರುತ್ತದೆಂಬುದನ್ನು ಬಲ್ಲಿರಿ. ಕೊಡದ ಸ್ಪರ್ಧೆಯಲ್ಲಿ ಅಜ್ಜಿಗೆ ಜಾಗವಿರಲಿಲ್ಲ. ಮೂರನೆಯ ವಾರದಿಂದ ಅವರು ಬರಲಿಲ್ಲ. ಮುಂದಿನ ವರ್ಷ ಸಿಗಿದ ಕೊಂಬೆಯಲ್ಲಿ ಹಣ್ಣೂ ಇರಲಿಲ್ಲ. ಕೊಡ ಗೆದ್ದವರೂ ಸುಖವಾಗಿರಲಿಲ್ಲ; ಅದನ್ನು ಹೊತ್ತು ಕೇರಿಯೊಳಗೆ ಹೋಗಲು ಆಕೆಗೆ ಸಂಕೋಚವಾಯಿತೆಂದು ಆಮೇಲೆ ತಿಳಿಯಿತು.

1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ತುಂಡುಗಳನ್ನು ಜೋಡಿಸುವ ಒಗಟನ್ನು ಬಿಡಿಸಲು ಕೆಲವರಿಗೆ ಹಣ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಹಣ ನಿಂತ ಮೇಲೆ, ಪಡೆದವರಿಗೆ ಒಗಟಿನ ಮೇಲಿನ ಆಸಕ್ತಿ ಇಳಿದುದು ಕಂಡುಬಂತು. ಬಾಯಿಮಾತಿನ ಮೆಚ್ಚುಗೆ ಪಡೆದವರಲ್ಲಿ ಹಾಗೆ ಇಳಿಯಲಿಲ್ಲ. ಕಾಲೇಜು ಹುಡುಗರ ಒಗಟಿಗೂ ಬೆಳಗ್ಗೆ ಎಂಟಕ್ಕೆ ಬುತ್ತಿ ಕಟ್ಟಿಕೊಂಡು ಬರುವವರ ದುಡಿಮೆಗೂ ಅಂತರ ಬಹಳ. ಅದನ್ನು ಓದಿ ಕೂಲಿ ಏರಿಸಬೇಕಾಗಿಲ್ಲವೆಂದು ಯಾರಾದರೂ ತೀರ್ಮಾನಿಸಿದರೆ ಅದು ಓದಿನ ದುರುಪಯೋಗ. ನಮಗೆ ಅದರಿಂದ ಸಿಕ್ಕಿದ ವಿವೇಕ ಇಷ್ಟೇ: ಅಜ್ಜಿ ಯಾವ ಬಹುಮಾನವೂ ಇಲ್ಲದೆ ಮಾಡುತ್ತಿದ್ದ ಕೆಲಸವನ್ನು ನಮ್ಮ ಕೊಡವೇ ಕೊಂದಿತು. ಮರುವರ್ಷ ಅವರ ಮನೆಗೆ ಹೋಗಿ ಕರೆದೆವು. ನೆಲ ಆರಿಸುವುದಕ್ಕೇ ಬೇರೆ ದಿನಗೂಲಿ, ಹೊಸಬರಿಗೆ ಕಲಿಸುವುದು ನಿಮ್ಮ ಕೆಲಸ, ಸಾಲು ಹಂಚುವುದೂ ನೀವೇ ಎಂದು ಎಲ್ಲರ ಎದುರಿಗೆ ಹೇಳಿದೆವು. ಸಾಲಿನ ಜಗಳ ಅಂದಿಗೆ ನಿಂತಿತು.

ಲೋಟ ಮತ್ತು ಬಹುವಚನ

ಈ ಭಾಗ ಬರೆಯಲು ನಮಗೆ ಸುಲಭವಿಲ್ಲ, ಓದುವವರಿಗೂ ಇರಲಿಕ್ಕಿಲ್ಲ. ನಮ್ಮ ಬಾಲ್ಯದಲ್ಲಿ ಹಿತ್ತಿಲ ಗೋಡೆಯ ಗೂಟಕ್ಕೆ ಕೆಲಸದವರ ಲೋಟಗಳನ್ನು ಬೇರೆಯಾಗಿ ಸಿಕ್ಕಿಸಿರುತ್ತಿದ್ದರು. ಅದಕ್ಕೂ ಹಿಂದೆ ಕರಟವಿತ್ತೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂದದ್ದು 1955ರಲ್ಲಿ; ನಮ್ಮ ಹಿತ್ತಿಲಿಗೆ ಅದು ತಲುಪಿದ್ದು ಬಹಳ ತಡವಾಗಿ. ಈಗ ಗೂಟಗಳಿಲ್ಲ. ಆದರೆ ಕಾಗದದ ಲೋಟ ಬಂದ ಮೇಲೆ ಕೆಲವು ಮನೆಗಳಲ್ಲಿ ಯಜಮಾನರಿಗೆ ಸ್ಟೀಲು, ಕೆಲಸದವರಿಗೆ ಕಾಗದ ಎಂಬ ಹೊಸ ಪದ್ಧತಿ ಹುಟ್ಟಿರುವುದನ್ನು ನಾವು ನೋಡಿದ್ದೇವೆ. ತೊಳೆಯುವ ಶ್ರಮ ಉಳಿಯಲೆಂದು ಎನ್ನುತ್ತಾರೆ. ಕೆಲಸದವರ ಮಕ್ಕಳು ಈಗ ಪದವಿ ಓದಿದವರು. ಅವರು ಮನೆಯಲ್ಲಿ ಅಪ್ಪ ಅಮ್ಮನಿಗೆ ಇದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಕೊಯ್ಲು ಮುಗಿದ ದಿನ ಊಟ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಒಳ್ಳೆಯದೇ. ಅಂದು ಯಜಮಾನರು ಅದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಅದು ಊಟ, ಇಲ್ಲವಾದರೆ ಅದು ಬಡಿಸಿದ ಅನ್ನ.

ಇನ್ನೊಂದು, ನಮ್ಮ ಭಾಷೆಗೇ ವಿಶೇಷವಾದದ್ದು. ಹರ್ಜ್‌ಬರ್ಗರ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಶಬ್ದ. ನಮ್ಮಲ್ಲಿ 'ಬಾ' ಇದೆ, 'ಬನ್ನಿ' ಇದೆ. ಅರವತ್ತು ವರ್ಷದ ಕೊನೆಗಾರರನ್ನು ಮನೆಯ ಇಪ್ಪತ್ತರ ಹುಡುಗ 'ಏ ಬಾರೋ' ಎನ್ನುವುದು, ಅವರು ಅವನಿಗೆ 'ಬಂದೆ ಅಯ್ಯಾ' ಎನ್ನುವುದು ಇವತ್ತಿಗೂ ಅಪರೂಪವಲ್ಲ. ಹಲವು ವರ್ಷದ ಹಿಂದೆ ಒಬ್ಬರು ಕೊನೆಗಾರರಿಗೆ ಸಾಲದ ಅರ್ಜಿಯ ಜೊತೆಗಿಡಲು ಅನುಭವದ ಪತ್ರ ಬೇಕಾಗಿತ್ತು. 'ಈತನು ನಮ್ಮ ತೋಟದಲ್ಲಿ ಕೆಲಸ ಮಾಡಿರುತ್ತಾನೆ' ಎಂದು ಕೈ ತಾನಾಗಿ ಬರೆಯಿತು. ಬರೆದದ್ದನ್ನು ಓದಿಕೊಂಡಾಗ ನಮಗೇ ಇರುಸುಮುರುಸಾಗಿ, ಹರಿದುಹಾಕಿ, 'ಇವರು ಕೆಲಸ ಮಾಡಿರುತ್ತಾರೆ, ನುರಿತ ಕೊನೆಗಾರರು' ಎಂದು ಬರೆದು ಮೊಹರು ಹಾಕಿಕೊಟ್ಟೆವು. ಸಾಲ ಮಂಜೂರಾಗಲಿಲ್ಲ, ಅದು ಬೇರೆ ಕಥೆ. ಆ ಕಾಗದ ಮಾತ್ರ ಅವರ ಮನೆಯಲ್ಲಿ ಪಡಿತರ ಚೀಟಿಯ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿದೆಯೆಂದು ಅವರ ಮಗ ಹೇಳಿದ. ತಮ್ಮ ಬಗ್ಗೆ ಬಹುವಚನದಲ್ಲಿ ಬರೆದ ಕಾಗದ ಅದೊಂದೇ ಎಂದೂ ಹೇಳಿದ.

ಹೆಂಗಸರು ಹೇಳಿದ್ದು

ಹೆಂಗಸರನ್ನು ನೇರವಾಗಿ ಕೇಳಿದರೆ ನಾವು ಊಹಿಸದ ಉತ್ತರಗಳೇ ಬರುತ್ತವೆ. ಮೆಚ್ಚುಗೆಯ ಮಾತಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ತೋಟದಲ್ಲಿ ಮರೆಯಾದ ಒಂದು ಜಾಗ, ನಾಲ್ಕು ತಗಡು, ಒಂದು ಕೊಡ ನೀರು, ಇದನ್ನು ಮೊದಲು ಹೇಳಿದರು. ಎಂಟು ಗಂಟೆಯ ಬದಲು ಎಂಟೂವರೆಗೆ ಬಂದು ಸಂಜೆ ಅರ್ಧ ಗಂಟೆ ಹೆಚ್ಚು ನಿಂತರೆ ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಬರಬಹುದು ಎಂದರು ಇಬ್ಬರು. ನಾಳೆ ಕೆಲಸವಿದೆಯೋ ಇಲ್ಲವೋ ಎಂಬುದನ್ನು ಹಿಂದಿನ ರಾತ್ರಿ ಒಂಬತ್ತಕ್ಕೆ ಹೇಳದೆ ವಾರದ ಮೊದಲೇ ಹೇಳಿ ಎಂದರು ಎಲ್ಲರೂ. ಐವತ್ತು ಅಥವಾ ಹೆಚ್ಚು ಹೆಂಗಸರಿರುವ ಎಸ್ಟೇಟಿನಲ್ಲಿ ಶಿಶುವಿಹಾರವಿರಬೇಕೆಂದು ಆ 1951ರ ಕಾಯಿದೆ ಹೇಳಿತ್ತು. ನಮ್ಮ ತೋಟಕ್ಕೆ ಬರುವುದು ಆರೇಳು ಜನ. ಶಿಶುವಿಹಾರ ಕಟ್ಟಲಾರೆವು, ಅರ್ಧ ಗಂಟೆ ಸರಿಸಬಲ್ಲೆವು. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದು ಲೈನ್ ಮನೆಯಲ್ಲಿ ಇರುವ ಕುಟುಂಬಗಳಿಗೂ ಇದೇ ಕ್ರಮ. ಅಸ್ಸಾಮಿನವರ ಬಿಹು ಏಪ್ರಿಲ್ ನಡುವಿನಲ್ಲಿ ಬರುತ್ತದೆಂದು ತಿಳಿದು ಮೊದಲೇ ರಜೆ ಬರೆದಿಟ್ಟರೆ, ಹಬ್ಬಕ್ಕೆ ಹೋದವರು ಹೇಳಿದ ದಿನಕ್ಕೆ ಹಿಂತಿರುಗುವುದನ್ನು ನಾವು ಕಂಡಿದ್ದೇವೆ.

ಮರದ ಮೇಲಿರುವವರೆಗೆ

ಮತ್ತೆ ಕೊನೆಗಾರರ ಮಾತಿಗೆ ಬರೋಣ. ಬುಡದಲ್ಲಿ ನಿಂತಿರುವುದು ಎಂದು ಅವರು ಹೇಳಿದ್ದರ ಅರ್ಥ ಕಾವಲಲ್ಲ. ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವವರು ಜಾರಿದರೆ ಓಡಿಬರಲು ಒಬ್ಬರಿದ್ದಾರೆಂಬ ಧೈರ್ಯ ಅದು. ಪಾಚಿ ಹಿಡಿದ ಮರವನ್ನು 'ಇವತ್ತು ಬೇಡ' ಎಂದು ಕೊನೆಗಾರರು ಹೇಳಿದರೆ ಆ ಮಾತೇ ಕೊನೆಯದಾಗಬೇಕು. ಮೋಡ ಕಟ್ಟಿದೆ, ಎರಡು ಸಾಲು ಉಳ್ಕೊಂಡಿದೆ, ಮುಗಿಸಿಬಿಡಿ ಎಂಬ ಒತ್ತಾಯ ನಮ್ಮ ಬಾಯಿಂದ ಬರಬಾರದು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಆರಂಭವಾದದ್ದು. ಹದಿನೆಂಟರಿಂದ ಎಪ್ಪತ್ತು ವರ್ಷದೊಳಗಿನವರಿಗೆ ವರ್ಷಕ್ಕೆ ಇಪ್ಪತ್ತು ರೂಪಾಯಿ (2022ರ ಜೂನ್‌ಗೆ ಮೊದಲು ಹನ್ನೆರಡು ಇತ್ತು). ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವಿಕಲತೆಯಾದರೆ ಎರಡು ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ ಒಂದು ಲಕ್ಷ. ಇದರ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ, ಅಂದರೆ ಸರಿಯಾಗಿ ಔಷಧಿ ಹೊಡೆಯುವ ಹೊತ್ತಿಗೆ. ಹಣ ಖಾತೆಯಿಂದ ತಾನಾಗಿ ಕಡಿತವಾಗಬೇಕು. ಮೇ ಕೊನೆಯಲ್ಲಿ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇಲ್ಲದ ಒಂದೇ ಕಾರಣಕ್ಕೆ ವಿಮೆ ತಪ್ಪಿಹೋದದ್ದನ್ನು ನಾವು ನೋಡಿದ್ದೇವೆ. ಎರಡು ಲಕ್ಷದಿಂದ ಒಂದು ಜೀವ ಹಿಂತಿರುಗದು, ಮೊತ್ತವೂ ಈ ಕೆಲಸಕ್ಕೆ ಸಾಲದು. ಆದರೆ ಮೇ ತಿಂಗಳಲ್ಲಿ 'ನಿಮ್ಮ ವಿಮೆ ಕಟ್ಟಿದೆಯೇ, ಖಾತೆ ನೋಡಿದಿರಾ' ಎಂದು ಕೇಳಿದವರ ತೋಟಕ್ಕೆ ಜೂನ್ ತಿಂಗಳಲ್ಲಿ ಅವರು ಮೊದಲು ಬರುತ್ತಾರೆ. ಹೊಳೆಯಾಚೆಯ ತೋಟಕ್ಕೆ ಹೋದ ನಮ್ಮ ಕೊನೆಗಾರರು ಮೂರನೆಯ ವರ್ಷ ಹಿಂತಿರುಗಿದರು. ಈಗ ಅವರಿಗೆ ಮರ ಹತ್ತಲಾಗುವುದಿಲ್ಲ. ತಮ್ಮ ಅಳಿಯನನ್ನು ಹತ್ತಿಸಿ, ನಮ್ಮ ಜೊತೆಗೆ ಬುಡದಲ್ಲಿ ನಿಲ್ಲುತ್ತಾರೆ. ಎಲ್ಲಿ ತಗುಲಿಲ್ಲವೆಂದು ಅವರಿಗೆ ಕೆಳಗಿನಿಂದಲೇ ತಿಳಿಯುತ್ತದೆ. ಅದಕ್ಕೆ ಅವರಿಗೆ ಪೂರ್ತಿ ದಿನದ ಕೂಲಿ.

ನಮ್ಮ ಸಂಘದ ವ್ಯಾಪ್ತಿಯಲ್ಲಿ ಮರ ಹತ್ತುವವರು ಎಷ್ಟು ಜನ, ಅವರ ವಯಸ್ಸೆಷ್ಟು, ಎಷ್ಟು ವರ್ಷದ ಅನುಭವ, ವಿಮೆ ಇದೆಯೇ ಎಂಬ ಒಂದು ನೋಂದಣಿ ಪುಸ್ತಕವನ್ನು ಸಂಘದಲ್ಲಿ ತೆರೆಯುತ್ತಿದ್ದೇವೆ. ನಮೂನೆಗಳು ಮೈಲುತುತ್ತ ಕೊಡುವ ಕಿಟಕಿಯಲ್ಲಿ ಸಿಗುತ್ತವೆ. ಕೊನೆಗಾರರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ, ಮೇ 20ರೊಳಗೆ ತುಂಬಿ ತನ್ನಿ. ತುಂಬುವಾಗ ಬಹುವಚನದಲ್ಲಿ ಬರೆಯಿರಿ. ಏಕವಚನದಲ್ಲಿ ಬಂದ ನಮೂನೆಗಳನ್ನು ಹಿಂದಕ್ಕೆ ಕೊಡಬೇಕೆಂದು ಗುಮಾಸ್ತರಿಗೆ ಹೇಳಿದ್ದೇವೆ.